ಗ್ರೈಂಡರಿನ ಬಗ್ಗೆ ಆರು ಸಾಲು

ಕಂಬಂ
14-8-2025

ಜನನಿಗೆ,

ಕಂಬಂ ಗುರುಸಾಮಿ ಗೌಂಡರ ಹೆಂಡತಿ, ಮೂರೆಕರೆ ದ್ರಾಕ್ಷಿ ತೋಟದ ಯಜಮಾನಿ, ಆ ಕಾಲಕ್ಕೇ ಹತ್ತನೆಯ ತರಗತಿ ಮುಗಿಸಿದ ಚಿನ್ನತಾಯಿ ಬರೆಯುತ್ತಿದ್ದೇನೆ. ಮೂರು ವರ್ಷದ ಹಿಂದೆ ನಿನ್ನ ಮದುವೆಗೆ ಬರದೆ ಬಾಗಿಲು ಹಾಕಿಕೊಂಡು ಕೂತವಳು. ಅದಕ್ಕೆ ಸಮಜಾಯಿಷಿ ಹೇಳಲು ಬರೆಯುತ್ತಿಲ್ಲ.

ನೀನು ದಿಂಡಿಗಲ್‌ನಲ್ಲಿ ಕೂತು ಮನೆ ಸಾಮಾನಿನ ವಿಡಿಯೋ ಮಾಡುತ್ತೀಯಲ್ಲ, ಅದರಲ್ಲಿ ನೀನು ಹೊಗಳಿದ ಹಸಿರು ಗ್ರೈಂಡರನ್ನು ನಮ್ಮ ಬೀದಿಯಲ್ಲಿ ಇಡ್ಲಿ ಮಾರುವ ಅಮುದಾ ಕೊಂಡಳು. ಎರಡು ಪಡಿ ಅಕ್ಕಿ ಹಾಕಿದರೆ ಬೆಲ್ಟ್ ಜಾರುತ್ತದೆ. ಹಿಟ್ಟು ಬಿಸಿಯಾಗಿ ಬೆಳಗಾಗುವಷ್ಟರಲ್ಲಿ ಹುಳಿ. ತಿನ್ನಲು ಬಂದವರು ತಟ್ಟೆ ಬಿಟ್ಟು ಎದ್ದರಂತೆ. ಅವಳು ನಮ್ಮ ಬಾಗಿಲಿಗೆ ಬಂದು, "ಅಕ್ಕಾ, ನಿಮ್ಮ ಮಗಳು ಕಾಸು ಈಸ್ಕೊಂಡು ನಗ್ತಾ ನಗ್ತಾ ಸುಳ್ಳು ಹೇಳವ್ಳೆ. ಬೀದಿಗೆಲ್ಲಾ ಹೇಳ್ತೀನಿ" ಅಂದಳು.

"ನನ್ನ ಮಗಳು ಬಾಯಿ ಮಾರೋಳಲ್ಲ ಕಣೇ. ಅರ್ಧ ಪಡಿ ಅರೆದು ನೋಡವ್ಳೆ, ಅವಳ ಬುದ್ಧಿ ಅಷ್ಟೇ" ಅಂದೆ.

ನಿಜ ಹೇಳಬೇಕಲ್ಲ. ಆ ವಿಡಿಯೋ ಅವಳಿಗೆ ತೋರಿಸಿದವಳು ನಾನೇ. ಯಾವ ಗ್ರೈಂಡರ್ ಕೊಳ್ಳಲಿ ಎಂದು ಕೇಳಿದ್ದಳು. ಫೋನ್ ತೆಗೆದು ಅವಳ ಮುಂದೆ ಹಿಡಿದೆ.

ಅವಳು ಹೋದ ಮೇಲೆ, ಆ ಗ್ರೈಂಡರ್ ಕೊಂಡವರು ಬರೆದ ಅಭಿಪ್ರಾಯಗಳನ್ನು ಫೋನಿನಲ್ಲಿ ಓದಿದೆ. ಆಂಡಿಪಟ್ಟಿಯ ಕಾಳಿಮುತ್ತು ಎಂಬವರು ಮೂರು ತಿಂಗಳು ಅರೆದು ನೋಡಿ, ಎರಡು ಪಡಿಗೆ ಇದು ಆಗದು ಎಂದು ಮೊದಲೇ ಬರೆದಿಟ್ಟಿದ್ದರು. ಬರಹ ನಗುವುದಿಲ್ಲ, ಅವಸರ ಮಾಡುವುದಿಲ್ಲ. ಸಂಶಯ ಬಂದ ಕಡೆ ಬೆರಳಿಟ್ಟು ಎರಡು ಸಲ ಓದಬಹುದು.

ನಿನ್ನ ವಿಡಿಯೋವನ್ನು ಹನ್ನೊಂದು ಸಲ ನೋಡಿದ್ದೇನೆ. ಒಂದು ಸಲವೂ ಗ್ರೈಂಡರ್ ಕಾಣಲಿಲ್ಲ. ನಿನ್ನ ಮಣಿಕಟ್ಟಿನ ಸುಟ್ಟ ಗುರುತು ಕಂಡಿತು. ಕತ್ತು ಸಣ್ಣಗಾದದ್ದು ಕಂಡಿತು. ಪಕ್ಕದಿಂದ ನೀರು ಹುಯ್ಯುವ ಗಂಡಸಿನ ಕೈ ಕಂಡಿತು, ನಿನ್ನ ಗಂಡನದೇ ಇರಬೇಕು. ಒಂದು ಹನಿ ಚೆಲ್ಲಲಿಲ್ಲ. ಹೀಗೆ ನೋಡುವವಳು ಸಾಮಾನು ಹೇಗೆ ಆರಿಸುತ್ತಾಳೆ? ಇನ್ನು ಮೇಲೆ ತಿಂಗಳುಗಟ್ಟಲೆ ಬಳಸಿ, ಆಮೇಲೆ ಬರೆ. ಬರೆದರೆ ನಾನೂ ಸಾಮಾನನ್ನು ನೋಡುತ್ತೇನೆ. ಸುಟ್ಟ ಜಾಗಕ್ಕೆ ತೆಂಗಿನೆಣ್ಣೆ ಹಚ್ಚು.

ಅಮುದಾ ಸದ್ಯಕ್ಕೆ ನಮ್ಮ ಗ್ರೈಂಡರಿನಲ್ಲೇ ಅರೆಯುತ್ತಿದ್ದಾಳೆ. ನಿನ್ನ ಮೇಲೆ ಇಲ್ಲದ ಮಾತು ಹಬ್ಬಬಾರದೆಂದು ಆ ಹಸಿರು ಗ್ರೈಂಡರಿನ ಬಗ್ಗೆ ನಾನೇ ಆರು ಸಾಲು ಬರೆದು, ನಿನ್ನೆ ಎಲ್ಲರೂ ಓದುವ ಕಡೆ ಹಾಕಿದೆ. ನೀನು ಕಾಸು ಪಡೆದು ಹೇಳಿದ್ದಲ್ಲ, ಸರಿಯಾಗಿ ಅರೆದು ನೋಡದೆ ಹೇಳಿದ್ದು ಎಂದು ಬರೆದಿದ್ದೇನೆ. ಕೋಪ ಬಂದರೆ ಬರಲಿ.

ಇಂತು,
ಚಿನ್ನತಾಯಿ

ತಾ.ಕ.: ಬರೆದವರು ಯಾರೆಂದು ಓದುವವರಿಗೆ ತಿಳಿಯಬೇಕು. ಅದಕ್ಕೆ ಆರು ಸಾಲಿನ ಕೆಳಗೆ ಹೀಗೆ ಹಾಕಿದ್ದೇನೆ: ಚಿನ್ನತಾಯಿ, ಕಂಬಂ. ವಿಡಿಯೋ ಮಾಡಿದ ಜನನಿಯ ತಾಯಿ, ಪ್ರೇಮ್‌ಕುಮಾರನ ಅತ್ತೆ.