ಅರವತ್ತೆರಡು ಮೆಟ್ಟಿಲು

ವಿಮಾ ಕಚೇರಿಯ ಅಂಗವೈಕಲ್ಯ ಪರಿಹಾರ ವಿಭಾಗದ ಅಧಿಕಾರಿಗಳಿಗೆ,

ನಮಸ್ಕಾರ.

ಗೋಡೆಗೆ ಬಣ್ಣ ಬಳಿಯುವಾಗ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡವನು ನಾನು. ನನ್ನ ಅರ್ಜಿ ತಿರಸ್ಕರಿಸಿ ನೀವು ಕಳಿಸಿದ ಪತ್ರ ನಿನ್ನೆ ಕೈಸೇರಿತು. 'ಅರ್ಜಿದಾರರು ಮೂರನೇ ಮಹಡಿಗೆ ಖುದ್ದಾಗಿ ಹಾಜರಾಗಿದ್ದಾರೆ, ಆದ್ದರಿಂದ ದುಡಿಯಲು ಶಕ್ತರು' ಎಂದು ಬರೆದಿದ್ದೀರಿ.

ಅಲ್ಲ ಸ್ವಾಮಿ, ಖುದ್ದಾಗಿ ಬರದಿದ್ದರೆ ಅರ್ಜಿ ವಜಾ ಎಂದು ನೋಟಿಸು ಕೊಟ್ಟವರು ಯಾರು? ಅವತ್ತು ನಿಮ್ಮ ಲಿಫ್ಟು ಕೆಟ್ಟು ಕೂತಿತ್ತು. ನನ್ನ ಭಾವಮೈದ ನನ್ನನ್ನು ಬೆನ್ನ ಮೇಲೆ ಹೊತ್ತು ಅರವತ್ತೆರಡು ಮೆಟ್ಟಿಲು ಹತ್ತಿದ. ಹೆಂಡತಿ ಹಿಂದಿನಿಂದ ನನ್ನ ಕಾಲು ಹಿಡಿದುಕೊಂಡು ಬಂದಳು. ನಿಮ್ಮ ಮುಂದಿನ ಕುರ್ಚಿಯಲ್ಲಿ ಕೂರಿಸುವಾಗ ನಾನು ನೋವಿಗೆ ಕೂಗಿದ್ದು ಕೇಳಿ ಪಕ್ಕದ ಗುಮಾಸ್ತರು ಎದ್ದು ನಿಂತರು. ನೀವು ಮಾತ್ರ ಕಾಗದದಿಂದ ತಲೆ ಎತ್ತಲಿಲ್ಲ. "ಬಂದ್ರಾ? ಇಲ್ಲಿ ಸಹಿ ಹಾಕಿ" ಅಂದಿರಿ, ಅಷ್ಟೇ.

ಅದೇ ಪತ್ರದ ಕೊನೆಯಲ್ಲಿ ಮರುವಿಚಾರಣೆಗೆಂದು ಸೋಮವಾರ ಹನ್ನೊಂದು ಗಂಟೆಗೆ ಅದೇ ಮಹಡಿಗೆ ಕರೆದಿದ್ದೀರಿ. ಲಿಫ್ಟು ಇನ್ನೂ ರಿಪೇರಿಯಾಗಿಲ್ಲವಂತೆ. ಅವತ್ತು ಹಿಡಿದುಕೊಂಡ ಬೆನ್ನುನೋವು ಭಾವಮೈದನನ್ನು ಇನ್ನೂ ಬಿಟ್ಟಿಲ್ಲ. ಹೀಗೇ ಆದರೆ ಅವನೂ ನಿಮಗೊಂದು ಅರ್ಜಿ ಹಾಕಬೇಕಾದೀತು.

ಆದ್ದರಿಂದ ಒಂದು ಕೋರಿಕೆ. ಸೋಮವಾರ ನಾನು ಕೆಳಗೆ, ಮೊದಲನೇ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಕಡತ ಹಿಡಿದುಕೊಂಡು ನೀವೇ ಇಳಿದು ಬನ್ನಿ, ಒಮ್ಮೆ ನನ್ನನ್ನು ನೋಡಿ. ಮೆಟ್ಟಿಲು ಇಳಿದಿರಿ ಅನ್ನುವ ಒಂದೇ ಕಾರಣಕ್ಕೆ ನೀವು ಕೆಲಸಕ್ಕೆ ಯೋಗ್ಯರು ಎಂದು ನಾನು ಎಲ್ಲೂ ಬರೆಯುವುದಿಲ್ಲ.

ಇತಿ,
ನಿಮ್ಮ ಕಡತದಲ್ಲಿ ಮಾತ್ರ ಗಟ್ಟಿಮುಟ್ಟಾಗಿರುವ ಪೇಂಟರ್