ದೀಪ ಹತ್ತದ ಏಟು

ಸೋಮವಾರ, ೧೪ನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ಆರು ವರ್ಷಗಳಲ್ಲಿ ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಫೋನಿನಲ್ಲಿ ಊಟ ಆಯಿತಾ, ಮೈ ಹುಷಾರಾ ಅಂತ ಎರಡು ಮಾತಾಡಿ ಇಟ್ಟುಬಿಡುವುದು ನಮ್ಮಿಬ್ಬರಿಗೂ ಅಭ್ಯಾಸವಾಗಿಹೋಗಿದೆ. ಹಾಗೆ ಮುಗಿಸುವ ವಿಷಯ ಇದಲ್ಲ. ನನ್ನ ಅಕ್ಷರ ನೋಡಿ ಈಗಲೂ ಕಾಗೆ ಕಾಲು ಅಂತ ಬೈಯುತ್ತೀ, ಬೈದುಕೋ.

ಮೊನ್ನೆ ಆಟಗಾರರ ಸಂಘದ ಸಭೆಯಲ್ಲಿ ಮಾತಾಡಿದೆ. ಟಿವಿಯಲ್ಲಿ ನೋಡಿರುತ್ತೀ. ಫೆನ್ಸಿಂಗ್‌ನಲ್ಲಿ ಮೂರು ಸಲದ ಚಾಂಪಿಯನ್, ಆಟಗಾರರ ಹಕ್ಕಿಗಾಗಿ ನಿಂತವಳು ಅಂತ ಪರಿಚಯಿಸಿದರು. ಗಾಯವಾದ ಆಟಗಾರ್ತಿ ಆಡುವುದಿಲ್ಲ ಅಂದರೆ ಅದನ್ನು ಯಾರೂ ಪ್ರಶ್ನಿಸಬಾರದು ಅಂದೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನಗೆ ಏನೂ ಅನ್ನಿಸಲಿಲ್ಲ. ಈಚೆಗೆ ಗೆದ್ದರೂ ಹಾಗೆಯೇ, ಸೋತರೂ ಹಾಗೆಯೇ. ಹಲ್ಲು ಕೀಳಿಸಿಕೊಂಡ ದಿನ ಮರಗಟ್ಟಿದ ತುಟಿ ಮುಟ್ಟಿ ನೋಡಿಕೊಂಡ ಹಾಗೆ.

ಸಭೆ ಮುಗಿದ ಮೇಲೆ ನಮ್ಮ ಹಳೆಯ ತಂಡದ ಮಿಡತೆ ಬಂದಳು. ಅಭ್ಯಾಸದ ಕೋಣೆಯಲ್ಲಿ ಸದಾ ಕುಪ್ಪಳಿಸುತ್ತಾಳೆ ಅಂತ ನೀನೇ ಆ ಹೆಸರಿಟ್ಟದ್ದು. ಈಗ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಾಳೆ. ಟೈಲರ್ ಅಂಗಡಿಯಲ್ಲಿ ಕೆಲಸವಂತೆ. ನನ್ನ ಕೈ ಹಿಡಿದುಕೊಂಡು, ಅಕ್ಕಾ, ನೀವಾದ್ರೂ ನಮ್ಮ ಪರ ಮಾತಾಡ್ತೀರಲ್ಲ, ನಿಮ್ಮಮ್ಮನ್ನ ಮಾತ್ರ ನಾನು ಈಗ್ಲೂ ಕ್ಷಮಿಸಿಲ್ಲ ಅಂದಳು. ಕಾಫಿ ಕುಡೀತೀಯಾ ಅಂತ ಕೇಳಿದೆ.

ಆರು ವರ್ಷದ ಹಿಂದೆ, ತಂಡದ ಫೈನಲ್ ದಿನ ನಡೆದದ್ದು ನನ್ನ ಕೈಯಿಂದಲೇ ಒಮ್ಮೆ ಬರಲಿ. ಕ್ರೀಡಾಂಗಣದಲ್ಲಿ ನಿನ್ನನ್ನು ಅಮ್ಮ ಅನ್ನುವ ಹಾಗಿರಲಿಲ್ಲ, ಕೋಚ್ ಅನ್ನಬೇಕಿತ್ತು. ಪಂದ್ಯಕ್ಕೆ ಮುಂಚೆ ಆಟಗಾರ್ತಿಯರ ಫಿಟ್‌ನೆಸ್ ಪತ್ರಗಳಿಗೆ ಖಾಲಿ ಇರುವಾಗಲೇ ಸಹಿ ಹಾಕಿ, ನಾಯಕಿ ತುಂಬಿಕೊಳ್ಳಲಿ ಅಂತ ನನ್ನ ಕೈಗೆ ಕೊಡುವುದು ನಿನ್ನ ಪದ್ಧತಿ. ಅವತ್ತು ಬೆಳಿಗ್ಗೆ ನೀನು ಕತ್ತಿಗಳ ತಪಾಸಣೆಗೆ ಹೋಗಿದ್ದೆ. ಮಿಡತೆ ಊದಿದ ಮಂಡಿ ತೋರಿಸಿ, ಕೋಚ್‌ಗೆ ಹೇಳಿ ಅಕ್ಕಾ ಅಂದಳು. ಅವಳಿಲ್ಲದಿದ್ದರೆ ತಂಡಕ್ಕೆ ಬೇಕಾದ ಮೂವರು ಆಗುತ್ತಿರಲಿಲ್ಲ, ಫೈನಲ್ ಕೈತಪ್ಪುತ್ತಿತ್ತು. ನಾನು ಕಾರಿಡಾರಿನ ತುದಿಯವರೆಗೆ ಹೋಗಿ, ನೀರು ಕುಡಿದು, ವಾಪಸು ಬಂದು, ಕೋಚ್ ಆಡು ಅಂದಿದ್ದಾರೆ ಅಂದೆ. ನಿನ್ನ ಸಹಿಯ ಮೇಲೆ ಯಾವ ಗಾಯವೂ ಇಲ್ಲ ಎಂದು ತುಂಬಿದೆ. ಅವಳ ಕೊನೆಯ ಸುತ್ತಿನ ಕೊನೆಯ ಏಟಿಗೆ ಮಂಡಿ ಹೋಯಿತು. ಉಳಿದದ್ದು ನನ್ನ ಸುತ್ತು. ನಾವು ಗೆದ್ದೆವು.

ಫೆನ್ಸಿಂಗ್ ಒಕ್ಕೂಟದವರು ವಿಚಾರಣೆ ನಡೆಸಿ ನಿನ್ನನ್ನು ಜೀವನಪೂರ್ತಿ ತರಬೇತಿಯಿಂದ ಹೊರಗಿಟ್ಟರು. ನೀನು ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ.

ಚಿಕ್ಕವಳಿದ್ದಾಗ ನೀನು ಕಲಿಸಿದ ಮೊದಲ ಪಾಠ ಕತ್ತಿ ಹಿಡಿಯುವುದಲ್ಲ. ನಿನಗೆ ಏಟು ಬಿದ್ರೆ ಕೈ ಎತ್ತಿ ಒಪ್ಕೋ, ಏಟು ತೋರ್ಸೋ ದೀಪ ಹತ್ತದಿದ್ರೂ, ರೆಫರಿ ನೋಡದಿದ್ರೂ ಎತ್ತು, ನಿನ್ ಮೈಗಂತೂ ಗೊತ್ತಿರತ್ತಲ್ಲ ಅನ್ನುತ್ತಿದ್ದೆ.

ಇವತ್ತು ಬೆಳಿಗ್ಗೆ ಒಕ್ಕೂಟದ ಕಚೇರಿಗೆ ಹೋಗಿ ಎಲ್ಲವನ್ನೂ ಬರೆದುಕೊಟ್ಟೆ. ಗುಮಾಸ್ತರು ಓದಿ, ಕನ್ನಡಕ ತೆಗೆದು, ಇನ್ನೊಂದ್ಸಲ ಯೋಚ್ನೆ ಮಾಡಿ ಮೇಡಂ, ಪದಕ ಹೋಗತ್ತೆ ಅಂದರು. ಮೊಹರು ಒತ್ತಿ ಅಂದೆ. ಅಲ್ಲಿಂದ ಟೈಲರ್ ಅಂಗಡಿಗೆ ಹೋದೆ. ಮಿಡತೆ ಪೂರ್ತಿ ಕೇಳಿಸಿಕೊಂಡಳು, ಹೊಲಿಗೆ ಯಂತ್ರದಿಂದ ಕಣ್ಣೆತ್ತಲಿಲ್ಲ. ಹೋಗಿ ಅಕ್ಕಾ, ಇನ್ನು ಬರ್ಬೇಡಿ ಅಂದಳು. ಬಸ್ಸಿಗೆ ನಿಂತಾಗ, ಎಷ್ಟೋ ದಿನಗಳ ಮೇಲೆ, ಏನೋ ಅನ್ನಿಸಿತು. ಹೆದರಿಕೆಯೋ ನಿರಾಳವೋ ನನಗೇ ತಿಳಿಯಲಿಲ್ಲ.

ಕ್ಷಮಿಸು ಅಂತ ಕೇಳಲು ನನಗೆ ಮುಖವಿಲ್ಲ. ಭಾನುವಾರ ಬರುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ನಿನಗೆ ಸೇರಿದ್ದು.

ಇಂತಿ,
ನಿನ್ನ ತಂಡದ ನಾಯಕಿಯಾಗಿದ್ದ
ನಿನ್ನ ಮಗಳು

ಮರೆತಿದ್ದೆ: ವಿಚಾರಣೆಯ ದಿನ ಮಿಡತೆಯ ಆ ಫಿಟ್‌ನೆಸ್ ಪತ್ರವನ್ನು ಮುಂದಿಟ್ಟು, ಇದು ಯಾರ ಅಕ್ಷರ ಎಂದು ಕೇಳಿದರು. ನೀನು ಒಂದು ಗಳಿಗೆ ಅದನ್ನೇ ನೋಡಿ, ಆಮೇಲೆ ಸುಮ್ಮನೆ ಕೈ ಎತ್ತಿದೆ. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಈ ಕಾಗೆ ಕಾಲು ನಿನಗೆ ಗುರುತು ಸಿಗದೆ ಇರುತ್ತದೆಯೇ, ಅಮ್ಮಾ?