ಬೀರುವಿನ ಹಿಂದಿನ ಗೋಡೆ

ಸಕಲವನ್ನೂ ಕಾಣುವ, ಯಾವುದನ್ನೂ ಅಳೆಯದ ಆ ದಯಾನಿಧಿಗೆ ವಂದಿಸಿ ಬರೆಯತೊಡಗುತ್ತೇನೆ.

ಮಾರ್ಚ್ ೧೧, ಸೋಮವಾರ, ಪ್ರಾತಃಕಾಲ

ಸ್ನಾನ, ಜಪ ಮುಗಿಯಿತು. ಗಿಡಗಳಿಗೆ ನೀರೆರೆದೆ. ಮೊಮ್ಮಗಳ ಶಾಲೆಯ ಚೀಲ ಹುಡುಕಿಕೊಟ್ಟೆ.

ನಾಡಿದ್ದು ಮನೆಯ ಬೆಲೆ ಕಟ್ಟಲು ವ್ಯಾಲ್ಯುಯರ್ ಬರುತ್ತಾರಂತೆ, ಕೋರ್ಟಿನ ಅಪ್ಪಣೆ. ಮನೆ ಮಗ, ಸೊಸೆ ಇಬ್ಬರ ಹೆಸರಿನಲ್ಲಿದೆ. ವಿಚ್ಛೇದನದ ನಂತರ ಉಳಿಸಿಕೊಳ್ಳುವವರು ಇನ್ನೊಬ್ಬರಿಗೆ ಅರ್ಧ ಬೆಲೆ ಕೊಡತಕ್ಕದ್ದು. ಮಗ ಬಾಡಿಗೆ ಕೋಣೆ ಹಿಡಿದು ಹೋಗಿ ಬಹುಕಾಲವಾಯಿತು. ಉಳಿಸಿಕೊಳ್ಳಬೇಕೆಂದಿರುವವಳು ಸೊಸೆ. ಬೆಲೆ ಏರಿತೋ, ಬ್ಯಾಂಕು ಅವಳಿಗೆ ಅಷ್ಟು ಕೊಡದು. ಮನೆ ಮಾರಾಟವೇ ಗತಿ. ಅವಳೂ ಮಗುವೂ ಎಲ್ಲಿಗೆ? ನಾನಾದರೋ… ಇರಲಿ.

ಮಾರ್ಚ್ ೧೩, ಬುಧವಾರ

ನಸುಕಿನಲ್ಲೇ ಪೊರಕೆಯ ಸದ್ದು. ಎದ್ದು ನೋಡಿದರೆ ಸೊಸೆ ನೆಲವನ್ನು ಕನ್ನಡಿಯಾಗಿಸಿದ್ದಾಳೆ. ಪರದೆಗಳನ್ನು ಒಗೆದು ಹಾಕಿದ್ದಾಳೆ. ನೀರು ಜಿನುಗಿ ಕಪ್ಪಾದ ಗೋಡೆಗೆ ಬೀರು ಅಡ್ಡ ನಿಲ್ಲಿಸಿದ್ದಾಳೆ.

"ಬೆಲೆ ಇಳೀಲಿ ಅಂತಿದ್ದೆಯಲ್ಲಮ್ಮ?"

"ಹೊರಗಿನವರು ಬರ್ತಿದ್ದಾರೆ ಮಾವ. ಗಲೀಜು ಮನೆ ತೋರಿಸೋಕೆ ನನ್ನ ಕೈಲಾಗಲ್ಲ."

ಮಗ ಬಂದ, ತನ್ನದೇ ಮನೆಯ ಕರೆಗಂಟೆ ಒತ್ತಿ ಹೊರಗೇ ನಿಂತ. ಹಿಂದೆಯೇ ವ್ಯಾಲ್ಯುಯರ್, ಟೇಪು ಹಿಡಿದು.

"ಮನೆ ಅಂದ್ರೆ ಹೀಗಿರ್ಬೇಕು ಮೇಡಂ. ಮಾರ್ತೀವಿ ಅಂದ್ರೆ ನಾಳೆನೇ ಜನ ಕ್ಯೂ ನಿಲ್ತಾರೆ."

ಸೊಸೆಯ ಮುಖ ಬಾಡಿತು. ತಾನು ಮಾಡಿಕೊಂಡದ್ದು ಅವಳಿಗೆ ಆಗ ತಿಳಿಯಿತು.

ಮಗ ಒಳಗೆ ಬಂದು ಬೀರುವನ್ನು ಎಳೆದ. "ಒಳಗೆ ಪೈಪ್ ಸೋರ್ತಿದೆ, ಬರ್ಕೊಳ್ಳಿ. ಅಡುಗೆಮನೆ ಟೈಲ್ಸ್ ಕೆಳಗೆ ಟೊಳ್ಳು. ಆ ಕಿಟಕಿ ಮುಚ್ಚಲ್ಲ."

"ಸಾರ್, ನಿಮ್ಮ ಪಾಲಿಗೆ ನೀವೇ ಕಲ್ಲು ಹಾಕ್ಕೊಳ್ತಿದ್ದೀರಲ್ಲ," ಎಂದು ವ್ಯಾಲ್ಯುಯರ್ ನಕ್ಕರು.

ಸೊಸೆ ಬಾಗಿಲಿಗೊರಗಿ ಅಂದಳು: "ಎಷ್ಟು ವರ್ಷ ಬಡ್ಕೊಂಡೆ, ಆ ಪೈಪ್ ನೋಡ್ರೀ ಅಂತ. ಇವತ್ತು ಕಣ್ಣಿಗೆ ಬಿತ್ತು."

ಕೊನೆಗೆ ನನ್ನ ಕೋಣೆ — ಬಾಲ್ಕನಿಗೆ ಗಾಜು ಕೂಡಿಸಿ ಮಗ ಕಟ್ಟಿಸಿಕೊಟ್ಟದ್ದು. ಅಲ್ಲಿ ಟೇಪು ಬಿಚ್ಚಲಿಲ್ಲ.

"ಇದು ಪ್ಲಾನಲ್ಲಿಲ್ಲ ಯಜಮಾನ್ರೇ. ಲೆಕ್ಕಕ್ಕೆ ಬರಲ್ಲ."

"ನಾನೂ ಅಷ್ಟೇ," ಎಂದೆ. ಯಾರೂ ನಗಲಿಲ್ಲ.

ಅದೇ ದಿನ, ಸಂಧ್ಯಾಕಾಲ

ಜಪದಲ್ಲಿ ಮನಸ್ಸು ನಿಲ್ಲದು. ಬೀರು ಎಳೆದವನ ಎದೆ ಕರಗಿರಬಹುದೇ? ಮನೆ ಉಳಿಯಲಿ, ಅವರಿಬ್ಬರೂ ಇನ್ನೊಮ್ಮೆ… ಬೇಡಿಕೊಂಡೆ.

ಮಾರ್ಚ್ ೩೧, ಭಾನುವಾರ

ಬೇಡಿದ್ದರಲ್ಲಿ ಅರ್ಧ ದೊರೆಯಿತು. ಬೆಲೆ ಅವಳ ಕೈಗೆಟುಕುವಲ್ಲಿ ನಿಂತಿತು, ಮನೆ ಉಳಿಯಿತು. ಮೊನ್ನೆ ಇಬ್ಬರೂ ವಿಚ್ಛೇದನಕ್ಕೆ ಸಹಿ ಹಾಕಿ ಬಂದರು. ಒಡೆದ ಹಾಲು ಮತ್ತೆ ಹಾಲಾಗದು.

ಇಂದು ಮಗ ಉಳಿದ ಸಾಮಾನು ಒಯ್ಯಲು ಬಂದ. ಟೂಲ್‌ಬಾಕ್ಸ್ ಎತ್ತಿಕೊಂಡವನು ಹೊಸ್ತಿಲಲ್ಲಿ ನಿಂತ. ಹಿಂತಿರುಗಿ ಗೋಡೆ ಕೆತ್ತಿ ಪೈಪು ಸರಿಪಡಿಸತೊಡಗಿದ. ಸೊಸೆ ಟಾರ್ಚ್ ಹಿಡಿದಳು.

"ಸ್ವಲ್ಪ ಎಡಕ್ಕೆ."

"ಇಷ್ಟು ಸಾಕಾ?"

"ಸಾಕು."

ಅವರಾಡಿದ್ದು ಅಷ್ಟೇ. ಸೋರುವುದು ನಿಂತಿತು.

ಕೈ ತೊಳೆದು ಮಗ ನನ್ನ ಬಳಿ ಬಂದ. "ಅಪ್ಪ, ನನ್ನ ಜೊತೆ ಬಾ."

"ಆ ಒಂದು ರೂಮಲ್ಲಿ ಎಲ್ಲಿ ಮಲಗಿಸ್ತೀರಿ, ನಿಮ್ಮ ತಲೆ ಮೇಲಾ?" ಎಂದಳು ಸೊಸೆ. "ಮಾವನ ಕೋಣೆ ಅಳತೇಲೇ ಬಂದಿಲ್ಲ. ಅದನ್ನ ಯಾರೂ ಪಾಲು ಕೇಳೋ ಹಾಗಿಲ್ಲ."

ಮಗ ತಲೆಯಾಡಿಸಿದ. ನಾನು ಈ ಕೋಣೆಗೆ ಬಂದು ಕುಳಿತೆ.

ಕೃಪಾಳುವೇ, ಬೆಲೆ ಕಟ್ಟಿದವರ ಮನೆ ತಣ್ಣಗಿರಲಿ. ಈ ಮನೆ ಉಳಿಸಿಕೊಂಡವಳ ದೀಪ ಆರದಿರಲಿ. ಮಗುವಿಗೆ ಎರಡೂ ಮನೆಯ ಬಾಗಿಲು ತೆರೆದಿರಲಿ. ಹೊರಗೆ ಚಪ್ಪಲಿ ಮೆಟ್ಟುವ ಸದ್ದು. ಎದ್ದು ಹೋಗಿ ಮಗನ ತಲೆಯ ಮೇಲೆ ಕೈಯಿಡಬೇಕು. ಅವನಿಗೆ, ಪ್ರಭುವೇ, ಹೋದಲ್ಲಿ…